ಅಟ್ಟದಲ್ಲಿ ಸಿಕ್ಕ ಎರಡು ಹಳೇ ಫೋನು, ಬೆಲೆ ಕಟ್ಟೋದು ಹೇಗೆ? ಗೊತ್ತಿರೋರು ಅನುಭವ ಹೇಳಿ

ಸುಂಟಿಕೊಪ್ಪದಿಂದ (ಕೇಳಿದ್ದು)
ಎಲ್ರಿಗೂ ನಮಸ್ಕಾರ. ಅಜ್ಜನ ಮನೆ ಹೆಂಚು ಬದಲಾಯಿಸೋಕೆ ಅಂತ ಅಟ್ಟ ಖಾಲಿ ಮಾಡುವಾಗ ಕಾಫಿ ಚೀಲದಲ್ಲಿ ಸುತ್ತಿಟ್ಟ ಎರಡು ಕಪ್ಪು ಫೋನ್ ಸಿಕ್ತು. ಒಂದಕ್ಕೆ ಬೆರಳು ಹಾಕಿ ತಿರುಗಿಸೋ ಡಯಲ್ ಇದೆ, ಇನ್ನೊಂದಕ್ಕೆ ಡಯಲ್ಲೇ ಇಲ್ಲ, ಪಕ್ಕದಲ್ಲಿ ಒಂದು ಹ್ಯಾಂಡಲ್ ಅಷ್ಟೇ. ಹಳೇ ಸಾಮಾನು ವ್ಯಾಪಾರದೋರು ಒಬ್ರು ಬಂದು ನೋಡಿ ಡಯಲ್ ಇರೋದಕ್ಕೆ ಮೂರು ಸಾವಿರ ಕೊಡ್ತೀನಿ, ಹ್ಯಾಂಡಲ್‌ದು ಯಾರಿಗೂ ಬೇಡ, ಜೊತೆಗೆ ಹಾಗೇ ಕೊಟ್ಬಿಡಿ ಅಂದ್ರು. ಆನ್‌ಲೈನಲ್ಲಿ ನೋಡಿದ್ರೆ ಇಂಥದ್ದೇ ಒಂದಕ್ಕೆ 25,000 ಅಂತ ಹಾಕಿದ್ದಾರೆ. ತಮ್ಮ ಕೆಂಪು ಸ್ಪ್ರೇ ಪೇಂಟ್ ಹೊಡೆಸಿದ್ರೆ ಇನ್ನೂ ಜಾಸ್ತಿ ಬರುತ್ತೆ ಅಂತಿದ್ದಾನೆ. ಮಾರೋದೋ ಇಟ್ಕೊಳ್ಳೋದೋ ಗೊತ್ತಿಲ್ಲ, ಮೋಸ ಹೋಗ್ಬಾರ್ದು.

ಗೋಣಿಕೊಪ್ಪದಿಂದ
ಪೇಂಟ್ ಡಬ್ಬ ಮೊದ್ಲು ತಮ್ಮನ ಕೈಯಿಂದ ಕಿತ್ಕೊಳ್ಳಿ ಅಕ್ಕ. ಉಳಿದಿದ್ದು ಆಮೇಲೆ.

ಮಡಿಕೇರಿಯಿಂದ
ನನ್ನ ಹತ್ರ ಈಗ ಹನ್ನೊಂದು ಫೋನ್ ಇದೆ, ಮನೆಯವರ ಪ್ರಕಾರ ಹನ್ನೊಂದು ಜಾಸ್ತಿ. ಗೊತ್ತಿರೋದು ಹೇಳ್ತೀನಿ, ಉದ್ದ ಆಗುತ್ತೆ.

ಮೊದ್ಲು ಫೋನ್ ಬೋರಲು ಹಾಕಿ ಕೆಳಗೇನು ಬರೆದಿದೆ ನೋಡಿ. ಬೆಲೆ ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗುತ್ತೆ. ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಅಂತಿದ್ರೆ ಅದು ನಮ್ಮ ಬೆಂಗಳೂರಿನ ದೂರವಾಣಿನಗರದ ಫ್ಯಾಕ್ಟರಿದು, 1948ರಲ್ಲಿ ಶುರುವಾಗಿದ್ದು, ಹಾಗಾಗಿ ಬ್ರಿಟಿಷರ ಕಾಲದ್ದು ಅಂತ ಯಾರಾದ್ರೂ ಮಾರಿದ್ರೆ ನಕ್ಕು ಸುಮ್ನಾಗಿ. ಪಿ ಆಂಡ್ ಟಿ, ಅಂದ್ರೆ ಹಳೇ ಅಂಚೆ ಮತ್ತು ತಂತಿ ಇಲಾಖೆ, ಅಂತ ಅಚ್ಚು ಇದ್ರೆ ಸಾಮಾನ್ಯವಾಗಿ 1985ಕ್ಕಿಂತ ಹಿಂದಿಂದು, ಯಾಕಂದ್ರೆ ಆ ವರ್ಷ ಅಂಚೆ ಬೇರೆ ಟೆಲಿಕಾಂ ಬೇರೆ ಆಯ್ತು. ಎರಿಕ್ಸನ್, ಸೀಮೆನ್ಸ್, ಜಿಇಸಿ ಹೆಸರಿದ್ದು ಪಕ್ಕದಲ್ಲಿ ಎರಡಂಕಿ ಇದ್ರೆ ಅದು ಹೆಚ್ಚಾಗಿ ತಯಾರಾದ ವರ್ಷ. ರಿಸೀವರ್ ಒಳಮೈಯಲ್ಲೂ ನಂಬರ್ ಇರುತ್ತೆ, ಅದಕ್ಕೂ ಬಾಡಿಗೂ ತಾಳೆ ಆಗ್ದಿದ್ರೆ ಎಲ್ಲೋ ರಿಪೇರಿಯಲ್ಲಿ ಅದಲು ಬದಲಾಗಿದೆ ಅಂತ ಅರ್ಥ. ಉಪಯೋಗಿಸೋರಿಗೆ ಅದು ದೊಡ್ಡ ವಿಷಯ ಅಲ್ಲ, ಹಳೇ ಫೋನ್ ಸಂಗ್ರಹಿಸೋರು ಮಾತ್ರ ಅಲ್ಲೇ ಬೆಲೆ ಇಳಿಸ್ತಾರೆ.

ಈಗ ಕೆಂಪು ಬಣ್ಣದ ಕತೆ. ಇಂಗ್ಲೆಂಡಿನ ಜಿಪಿಒ ಅಂದ್ರೆ ಅಲ್ಲಿನ ಅಂಚೆ ಇಲಾಖೆ, 1937ರ ಸುಮಾರಿಗೆ ತಂದ 300 ಸೀರೀಸ್ ಫೋನು ಕಪ್ಪು, ದಂತದ ಬಣ್ಣ, ಕೆಂಪು, ಹಸಿರು ನಾಲ್ಕರಲ್ಲೂ ಬರ್ತಿತ್ತು. ಕಪ್ಪು ಬೇಕಾದಷ್ಟು ಇದೆ, ಹಸಿರು ತುಂಬಾ ಅಪರೂಪ, ಅದಕ್ಕೇ ಬಣ್ಣದ್ದಕ್ಕೆ ಆ ಪಾಟಿ ರೇಟು. ಇದು ಗೊತ್ತಾದ್ಮೇಲೆ ಕಪ್ಪಿಗೆ ಪೇಂಟ್ ಬಳಿದು ಮಾರೋರು ಹುಟ್ಕೊಂಡ್ರು. ಕಂಡುಹಿಡಿಯೋದು ಸುಲಭ, ತಳ ಬಿಚ್ಚಿ ಒಳಗಡೆ ನೋಡಿ, ಅಸಲಿಗೆ ಒಳಗೂ ಹೊರಗೂ ಒಂದೇ ಬಣ್ಣ. ಬೇಕಲೈಟ್ ಅಂದ್ರೆ ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್, ಅದು ಕಪ್ಪು, ಕಂದು ಅಂಥ ಗಾಢ ಬಣ್ಣದಲ್ಲೇ ಬರೋದು, ಆ ಬಣ್ಣಬಣ್ಣದ್ದೆಲ್ಲ ಬೇರೆ ಪ್ಲಾಸ್ಟಿಕ್, ಹಾಗಾಗಿ "ಬಿಳಿ ಬೇಕಲೈಟ್" ಅಂತ ಹಾಕಿದ್ದು ಕಂಡ್ರೆ ಮಾರೋನಿಗೇ ತಾನೇನು ಮಾರ್ತಿದೀನಿ ಗೊತ್ತಿಲ್ಲ ಅಂದ್ಕೊಳ್ಳಿ.

ಆ 25,000 ಅವರು ಕೇಳ್ತಿರೋ ಬೆಲೆ ಅಷ್ಟೇ ರೀ, ಯಾರಾದ್ರೂ ಕೊಟ್ರಾ ನೋಡಿ. ಅದೇ ಫೋಟೊ ಎರಡು ವರ್ಷದಿಂದ ಅಲ್ಲೇ ಕೂತಿದ್ರೆ ಅದು ಬೆಲೆ ಅಲ್ಲ, ಆಸೆ. ನಾನು ಕಪ್ಪು ಐಟಿಐ ಒಂದು 1,500ಕ್ಕೆ, ಇನ್ನೊಂದು ಬಟ್ಟೆ ನೇಯ್ದ ಕಾರ್ಡ್ (ಫೋನಿನ ವೈರು) ಹಾಗೇ ಇದ್ದಿದ್ದು 2,200ಕ್ಕೆ ತಗೊಂಡೆ, ಎರಡೂ ಬೆಂಗಳೂರಿನ ಸಂಡೇ ಬಜಾರಲ್ಲಿ ಬೆಳಗ್ಗೆ ಆರೂವರೆಗೆ ಹೋಗಿ ಚೌಕಾಸಿ ಮಾಡಿ. ನಿಮ್ಮದೂ ಐಟಿಐ ಆಗಿದ್ರೆ ಆ ವ್ಯಾಪಾರಿ ಹೇಳಿದ ಮೂರು ಸಾವಿರ ಮೋಸ ಏನಲ್ಲ. ನನಗೆ ಅನುಮಾನ ಬಂದಿದ್ದು ಆ ಇನ್ನೊಂದನ್ನ ಸುಮ್ನೆ ಕೊಡಿ ಅಂದಿದ್ರಲ್ಲ, ಅಲ್ಲಿ.

ಇನ್ನೊಂದು. "ಆಂಟಿಕ್ ಸರ್ಟಿಫಿಕೇಟ್ ಮಾಡಿಸ್ಕೊಡ್ತೀವಿ" ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ. ನಮ್ಮ 1972ರ ಕಾನೂನಿನ ಪ್ರಕಾರ ಇಂಥ ವಸ್ತು ಪುರಾತನ ಅನ್ನಿಸ್ಕೊಳ್ಳೋಕೆ ನೂರು ವರ್ಷ ತುಂಬ್ಬೇಕು.

ವಿರಾಜಪೇಟೆಯಿಂದ
ನಾನು ಲೈನ್ ಕೆಲಸದಲ್ಲಿದ್ದು ರಿಟೈರ್ ಆದವನು. ಮೇಲಿನ ಸರ್ ಅನುಮಾನ ಸರಿ ಇದೆ ತಾಯಿ. ನಮ್ಮ ತೋಟಗಳಲ್ಲಿ ನಿಜವಾಗಿ ಇದ್ದಿದ್ದು ಆ ಹ್ಯಾಂಡಲ್ ಫೋನೇ. ಹ್ಯಾಂಡಲ್ ತಿರುಗಿಸಿದ್ರೆ ಎಕ್ಸ್‌ಚೇಂಜಲ್ಲಿ ಬೋರ್ಡಿನ ಮೇಲೆ ನಿಮ್ಮ ಲೈನಿನ ಪುಟ್ಟ ಮುಚ್ಚಳ ಬೀಳ್ತಿತ್ತು, ಆಪರೇಟರ್ ಎತ್ಕೊಂಡು ನಂಬರ್ ಪ್ಲೀಸ್ ಅಂತಿದ್ರು, ಪರಿಚಯ ಇದ್ರೆ ನಂಬರೂ ಬೇಡ, ಡಾಕ್ಟ್ರ ಮನೆಗೆ ಕೊಡಿ ಅಂದ್ರೆ ಸಾಕು, ಡಾಕ್ಟ್ರು ಮದುವೆಗೆ ಹೋಗಿದ್ದಾರೆ ಸಂಜೆ ಮಾಡಿ ಅಂತ ಅವರೇ ಹೇಳೋರು! ಡಯಲ್ ಅನ್ನೋದು ಕೆಲಸಕ್ಕೆ ಬರೋದು ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆದ್ಮೇಲೆ. ಹಳ್ಳಿಗೆ ಅಂತಾನೇ ಸಿ-ಡಾಟ್‌ನೋರು (ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ) ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಮೊದ್ಲು ಬಂದಿದ್ದು ಕಿತ್ತೂರಿಗೆ, 1986ರಲ್ಲಿ, ಒಳಗಿನ ತೋಟಗಳಿಗೆಲ್ಲ ಅದಾದ ಮೇಲೇ. ಹಾಗಾಗಿ ತೋಟದ ಬಂಗಲೆಯಲ್ಲಿ ದೊರೆ ತಿರುಗಿಸ್ತಿದ್ದ ಡಯಲ್ ಫೋನು ಅಂತ ಕತೆ ಕಟ್ಟಿ ಮಾರೋರನ್ನ, ಯಾವ ಎಕ್ಸ್‌ಚೇಂಜಿಗೆ ಡಯಲ್ ಮಾಡ್ತಿದ್ರು ಅಂತ ಒಂದ್ಸಲ ಕೇಳಿ.

ಆವಾಗ ಫೋನು ಡಿಪಾರ್ಟ್‌ಮೆಂಟಿಂದು, ನಿಮ್ಮದು ಬಾಡಿಗೆ. ಹೊಸದು ಹಾಕಿದಾಗ ಹಳೇದು ವಾಪಸ್ ತಗೊಂಡು ಹೋಗ್ತಿದ್ವಿ, ಅದು ಗುಜರಿಗೆ ಹೋಗ್ತಿತ್ತು. ನಿಮ್ಮ ಅಜ್ಜ ಅದ್ಹೇಗೆ ಉಳಿಸ್ಕೊಂಡ್ರೋ ನಾನು ಕೇಳಲ್ಲ.

ಹ್ಯಾಂಡಲ್ ಫೋನಿನ ಜೊತೆ ಸೆಲ್ ಡಬ್ಬಿ ಇದ್ರೆ ಮೊದ್ಲು ತೆಗೆದು ಬಿಸಾಕಿ, ಸೋರಿದ್ರೆ ವೈರ್, ತಗಡು ಎಲ್ಲ ತಿಂದಿರುತ್ತೆ. ಮತ್ತೆ ವೈರ್ ತುದಿ ಹಿಡ್ಕೊಂಡು ಹ್ಯಾಂಡಲ್ ತಿರುಗಿಸ್ಬೇಡಿ, ಒಳಗಿರೋದು ಮ್ಯಾಗ್ನೆಟೊ, ತಿರುಗಿಸಿದ್ರೆ ಕರೆಂಟ್ ಹುಟ್ಟಿಸೋದು, ಜೋರಾಗಿ ಹೊಡಿಯುತ್ತೆ. ನಾವು ಹೊಸ ಹುಡುಗ್ರಿಗೆ ಹಾಗೇ ಪಾಠ ಮಾಡ್ತಿದ್ದಿದ್ದು.

ಸೋಮವಾರಪೇಟೆಯಿಂದ
ನಾನು ಮೋಸ ಹೋದವನು, ಬರ್ದುಬಿಡ್ತೀನಿ. ಫಳಫಳ ಹೊಳೆಯೋ ಹಿತ್ತಾಳೆ ಫೋನು, ಕೆಳಗೆ ಮರದ ಪೀಠ, 1920ನೇ ಇಸವಿದು ಅಂದ್ರು, ಒಂಬತ್ತು ಸಾವಿರ ಕೊಟ್ಟೆ. ಮನೆಗೆ ತಂದು ನೋಡಿದ್ರೆ ಡಯಲ್ ತಿರುಗೋದೇ ಇಲ್ಲ, ತೂತುಗಳಲ್ಲಿ ಒತ್ತೋ ಬಟನ್! ತಳದಲ್ಲಿ ಎಲ್ಲ ಸ್ಟಾರ್ ಸ್ಕ್ರೂ, 1920ರಲ್ಲಿ ಸ್ಟಾರ್ ಸ್ಕ್ರೂ ಎಲ್ಲಿತ್ತು? ಈಗ ಹೋಂಸ್ಟೇ ರಿಸೆಪ್ಷನಲ್ಲಿ ಇಟ್ಟಿದೀನಿ, ಗೆಸ್ಟ್‌ಗಳು ಕಿವಿಗಿಟ್ಕೊಂಡು ಫೋಟೊ ತೆಗಿಸ್ಕೊಳ್ತಾರೆ, ಅಷ್ಟಾದ್ರೂ ಆಯ್ತಲ್ಲ.

ಮೂರ್ನಾಡಿನಿಂದ
ರಿಪೇರಿ ಮಾಡಕ್ಕೆ ಹೋಗಿ ನಾನು ಮಾಡಿದ ತಪ್ಪು ಯಾರೂ ಮಾಡ್ಬೇಡಿ. ಡಯಲ್ ನಿಧಾನ ಬರ್ತಿತ್ತು ಅಂತ ಕೊಬ್ಬರಿ ಎಣ್ಣೆ ಬಿಟ್ಟೆ. ಬೇಸಿಗೆಯಲ್ಲಿ ಬೆಣ್ಣೆ ಥರ ತಿರುಗ್ತು, ಡಿಸೆಂಬರ್ ಚಳಿಗೆ ಎಣ್ಣೆ ಗಟ್ಟಿಯಾಗಿ 7 ಹಾಕಿದ್ರೆ ಅರ್ಧದಲ್ಲೇ ನಿಂತ್ಕೊಳ್ತಿತ್ತು, ಕೊನೆಗೆ ಪೂರ್ತಿ ಬಿಚ್ಚಿ ತೊಳೀಬೇಕಾಯ್ತು. ಡಯಲ್ ಹಿಂದೆ ಗವರ್ನರ್ ಅಂತ ಪುಟ್ಟ ಚಕ್ರ ಇರುತ್ತೆ, ಸೆಕೆಂಡಿಗೆ ಹತ್ತು ಪಲ್ಸ್ (ನಂಬರ್ ತಿಳಿಸೋಕೆ ಲೈನಲ್ಲಿ ಹೋಗೋ ಮಿಡಿತ) ಬರೋ ಹಾಗೆ ವೇಗ ಹಿಡಿಯೋದು ಅದೇ. ವಾಚ್ ರಿಪೇರಿಯವರ ಎಣ್ಣೆ ಸೂಜಿ ಮೊನೆಯಷ್ಟು ಸಾಕು. ಸೊನ್ನೆ ಅಂದ್ರೆ ಹತ್ತು ಪಲ್ಸ್, ಹಾಗಾಗಿ ಸೊನ್ನೆ ಹಾಕಿ ಬಿಟ್ರೆ ಒಂದು ಸೆಕೆಂಡಿಗಿಂತ ಚೂರು ಮೇಲೆ ವಾಪಸ್ ಬರ್ಬೇಕು. ಕೈಯಲ್ಲಿ ತಳ್ಳಿ ವಾಪಸ್ ತರ್ಬೇಡಿ.

ಕಕ್ಕಡ ಮಳೆಗೆ ಹೊರಗಡೆ ಬರೀ ಬೂಷ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಹೋಗುತ್ತೆ, ನೀರಲ್ಲಿ ನೆನೆಹಾಕ್ಬೇಡಿ, ಬೇಕಲೈಟಿಗೆ ಮರದ ಪುಡಿ ಬೆರೆಸಿರ್ತಾರೆ, ಮೇಲಿನ ಹೊಳಪು ಹೋಗಿದ್ರೆ ನೀರು ಕುಡಿಯುತ್ತೆ. ಒಣಗಿಸೋಕೆ ಅಂತ ಕಾಫಿ ಕಣದಲ್ಲಿ ಬಿಸಿಲಿಗೂ ಇಡ್ಬೇಡಿ, ಕಪ್ಪು ಹೋಗಿ ಕಂದಾಗುತ್ತೆ. ಹೊಳಪು ಬೇಕೇಬೇಕು ಅಂದ್ರೆ ಬ್ರಾಸೋ ಸ್ವಲ್ಪ, ಮೆತ್ತಗೆ.

ಫೈಬರ್ ಕನೆಕ್ಷನ್ನಿಗೆ ಹಾಕಿ ನೋಡಿದೆ. ಬಂದ ಕಾಲ್ ರಿಂಗ್ ಆಗುತ್ತೆ, ಮಾತಾಡ್ಬೋದು. ಇಲ್ಲಿಂದ ಡಯಲ್ ಮಾಡಿದ್ರೆ ನಮ್ಮ ಮನೆ ಡಬ್ಬಿಗೆ ಪಲ್ಸ್ ಅರ್ಥ ಆಗಲ್ಲ, ಪಲ್ಸ್‌ನ ಟೋನ್ ಮಾಡೋ ಕನ್ವರ್ಟರ್ ಬೇರೆ ಬೇಕು.

ಸುಂಟಿಕೊಪ್ಪದಿಂದ (ಕೇಳಿದವರು)
ಎಲ್ರಿಗೂ ಥ್ಯಾಂಕ್ಸ್. ಬೋರಲು ಹಾಕಿ ನೋಡಿದೆ. ಡಯಲ್‌ದು ಐಟಿಐ, ಪಿ ಆಂಡ್ ಟಿ ಅಚ್ಚೂ ಇದೆ, ಕಾರ್ಡ್ ಮಾತ್ರ ಇಲಿ ಕಡ್ದಿದೆ. ಹ್ಯಾಂಡಲ್‌ದರ ತಳ ಬಿಚ್ಚಿದ್ರೆ ಗಂಟೆಯ ಎರಡು ಬಟ್ಟಲ ಮಧ್ಯ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಮುಂದುಗಡೆ ನಂಬರ್ ಬರೆಯೋ ಜಾಗದಲ್ಲಿ ಒಂದು ಚೀಟಿ, ಅದರಲ್ಲಿ 47 ಅಂತ ಅಜ್ಜನ ಅಕ್ಷರ. ಅತ್ತೆಗೆ ಫೋಟೊ ಕಳಿಸಿದ್ರೆ ತಕ್ಷಣ ಫೋನ್ ಮಾಡಿ, ನಲವತ್ತೇಳು ನಮ್ಮದು, ನಲವತ್ತೆಂಟು ಪಕ್ಕದ ತೋಟದ ಲೆಕ್ಕ ಬರೆಯೋ ರೈಟರ್‌ದು, ಅವರ ಕಾಲೆಲ್ಲ ನಮಗೇ ಬರ್ತಿತ್ತು ಅಂತ ಅರ್ಧ ಗಂಟೆ ಮಾತಾಡಿದ್ರು. ಅದನ್ನ ಕೊಡಲ್ಲ.

ಮಡಿಕೇರಿಯಿಂದ
ಚೀಟಿ ತೆಗೀಬೇಡಿ, ಒರೆಸ್ಲೂ ಬೇಡಿ. ಗೂಡು ಒಣ ಬ್ರಶ್ಶಲ್ಲಿ ಬಿಡಿಸಿ, ಪಕ್ಕದಲ್ಲಿರೋ ಕಾಯಿಲ್ ವೈರ್ ಕೂದಲಿಗಿಂತ ಸಣ್ಣ. ಡಯಲ್‌ದು ಮಾರೋದಾದ್ರೆ ಕಾರ್ಡ್ ಹೋಗಿದೆ ಅಂತ ಮೊದ್ಲೇ ಹೇಳಿ ಎರಡೂವರೆ ಕೇಳಿ, ಎರಡಕ್ಕೆ ಬಂದ್ರೆ ಕೊಡಿ.

ಸುಂಟಿಕೊಪ್ಪದಿಂದ (ಕೇಳಿದವರು)
ಗೂಡು ಬಿಡಿಸಿ ಆಯ್ತು. ತಮ್ಮ ಇಷ್ಟು ವರ್ಷ ಆದ್ಮೇಲೆ ಕರೆಂಟ್ ಎಲ್ಲಿಂದ ಬರುತ್ತೆ ಅಂತ ಎರಡೂ ವೈರ್ ಹಿಡ್ಕೊಂಡು ನೀನು ತಿರುಗಿಸು ಅಂದ. ತಿರುಗಿಸ್ದೆ. ವಿರಾಜಪೇಟೆ ಸರ್, ಮ್ಯಾಗ್ನೆಟೊ ಚೆನ್ನಾಗಿದೆ.