ಪದ ಬೇಕು: ‘ಇಂಟರ್-ಸ್ಟೇಟ್’ ಎಂಬುದಕ್ಕೆ ಅಂತರರಾಜ್ಯವೋ, ಅಂತಾರಾಜ್ಯವೋ? (ಬೋರ್ಡ್ ಬರೆಸಬೇಕಿದೆ)

ಬಳಗದವರಿಗೆ ನಮಸ್ಕಾರ. ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿನ ಗೋಡೆಗೆ ಸಂತೋಷ್ ಟ್ರೋಫಿ ಫುಟ್‌ಬಾಲ್ ಪಂದ್ಯಾವಳಿಯ ಹಳೆಯ ಪಟಗಳನ್ನು ಹಾಕಿಸುತ್ತಿದ್ದೇವೆ. 1946-47ರಲ್ಲಿ ಬಂಗಾಳವನ್ನು ಸೋಲಿಸಿದ ಮೈಸೂರು ತಂಡದ ಪಟದಡಿ ಇಂಗ್ಲಿಷಿನಲ್ಲಿ ‘ಇಂಟರ್-ಸ್ಟೇಟ್ ಚಾಂಪಿಯನ್ಸ್’ ಎಂದಿದೆ. ನಾನು ‘ಅಂತರರಾಜ್ಯ’ ಎಂದು ಬರೆದುಕೊಟ್ಟೆ, ಕ್ಲಬ್ಬಿನ ಹಿರಿಯರೊಬ್ಬರು ‘ಅಂತಾರಾಜ್ಯ’ ಎಂದು ತಿದ್ದಿದರು. ಬೋರ್ಡ್ ಬರೆಯುವವರು ಸಂಜೆ ಬರುತ್ತಾರೆ. ‘ರನ್ನರ್-ಅಪ್’ಗೂ ಒಂದು ಪದ ಕೊಟ್ಟರೆ ಉಪಕಾರ.
— ವಿ.

ಹಿರಿಯರು ತಿದ್ದಿದ್ದೇ ಸರಿ. ಅಂತರ್ + ರಾಜ್ಯ. ರೇಫದ (ರಕಾರದ) ಮುಂದೆ ರೇಫ ಬಂದರೆ ಮೊದಲನೆಯದಕ್ಕೆ ಲೋಪ, ಹಿಂದಿನ ಸ್ವರಕ್ಕೆ ದೀರ್ಘ. ನಿರ್ + ರಸ ‘ನೀರಸ’ವಾದದ್ದು ಹೀಗೆ. ಇದರಲ್ಲಿ ಚರ್ಚೆಗೇನಿದೆ?
— ಶಾ.

ಶಾ. ಅವರೇ, ‘ಅಂತರ್’ ಎಂದು ಹಿಡಿದರೆ ತಾನೇ ನಿಮ್ಮ ಸಂಧಿ? ಅಂತರ್ಜಲ, ಅಂತರ್ಮುಖಿಗಳಲ್ಲಿ ಅದು ‘ಒಳಗೆ’. ಈ ಪಂದ್ಯ ರಾಜ್ಯದ ಒಳಗೆ ನಡೆದದ್ದೇ? ಇಲ್ಲಿರುವುದು ಅಕಾರಾಂತ ‘ಅಂತರ’. ‘ಅಂತರಜಾತಿ ವಿವಾಹ’ ಎನ್ನುವ ಹಾಗೆ ಅಂತರರಾಜ್ಯ.
— ಗಿ.

‘ಅಂತರ್’ಗೆ ‘ನಡುವೆ’ ಎಂಬ ಅರ್ಥವೂ ಇದೆ. ನಿಘಂಟು ತೆರೆಯಿರಿ.
— ಶಾ.

ಕನ್ನಡದ ಬೋರ್ಡಿಗೆ ಸಂಸ್ಕೃತದ ರೇಫ ಯಾಕೆ ಬೇಕು? ‘ನಾಡುನಡುವಣ ಕಾಲ್ಚೆಂಡು ಪೈಪೋಟಿ’. ಗೆದ್ದವರು, ಎರಡನೆಯವರು. ಮುಗಿಯಿತು.
— ಬ.

ಇದು ‘ಇಂಟರ್-ಸ್ಟೇಟ್’ ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲವಲ್ಲ! 1941ರಲ್ಲಿ ಈ ಪಂದ್ಯಾವಳಿ ಶುರುವಾದಾಗ ಬಂಗಾಳ ಬ್ರಿಟಿಷರ ಪ್ರಾಂತ್ಯ, ಮೈಸೂರು ಒಡೆಯರ ಸಂಸ್ಥಾನ. ಇಂದಿನ ಅರ್ಥದ ‘ರಾಜ್ಯ’ ಎರಡೂ ಅಲ್ಲ. ಮುಂದೆ 1960-61ರಲ್ಲಿ ಸರ್ವಿಸಸ್ (ಸೇನಾಪಡೆಗಳ ತಂಡ), ಮರುವರ್ಷ ರೈಲ್ವೇಸ್ ಕಪ್ ಗೆದ್ದವು. ರೈಲ್ವೆ ಯಾವ ರಾಜ್ಯ? ಇದು ರಾಷ್ಟ್ರೀಯ ಚಾಂಪಿಯನ್‌ಷಿಪ್, ಹಾಗೆಂದೇ ಬರೆಸಿ.

ಇನ್ನೆರಡು ಮಾತು. 1946-47 ಮತ್ತು 1952-53ರ ಪಟಗಳನ್ನು ಒಂದೇ ಅಚ್ಚಿನಲ್ಲಿ ಬರೆಸಬೇಡಿ. ಮೊದಲನೆಯದು ಮೈಸೂರು ಸಂಸ್ಥಾನ, ಎರಡನೆಯದು ಮೈಸೂರು ರಾಜ್ಯ. 1967-68, 1968-69ರ ಗೆಲುವುಗಳೂ ಮೈಸೂರು ರಾಜ್ಯದವೇ. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ, ಆ ಹೆಸರಿನಲ್ಲಿ ಕಪ್ ಸಿಕ್ಕಿದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ. ಹಾಗೆಯೇ ‘ಸಂತೋಷ್’ ಎಂದರೆ ಆನಂದವಲ್ಲ. ಈಗಿನ ಬಾಂಗ್ಲಾದೇಶದ ಟಾಂಗೈಲ್ ಕಡೆಯ ಊರು. ಅಲ್ಲಿನ ಮಹಾರಾಜ ಮನ್ಮಥನಾಥ ರಾಯ್ ಚೌಧುರಿಯವರ ನೆನಪಿಗೆ ಬಂಗಾಳದವರು ಕೊಟ್ಟ ಟ್ರೋಫಿ. ‘ಸಂತೋಷ ಪಾರಿತೋಷಕ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಟ್ಟಿದ್ದೇನೆ. ರನ್ನರ್-ಅಪ್‌ಗೆ ‘ದ್ವಿತೀಯ ಸ್ಥಾನ’ ಸಾಕು. ಅವರಿಗೆ ಕೊಡುವುದು ಕಮಲಾ ಗುಪ್ತ ಟ್ರೋಫಿ. ಮೂರನೆಯವರಿಗೆ ನಮ್ಮ ಮೈಸೂರು ಫುಟ್‌ಬಾಲ್ ಸಂಸ್ಥೆಯೇ ಕೊಟ್ಟ ಸಂಪಂಗಿ ಕಪ್. ಸಂಪಂಗಿ ನಮ್ಮವರೇ ಆದ ಆಟಗಾರ, ಅವರ ಹೆಸರೂ ಗೋಡೆಯ ಮೇಲೆ ಇರಲಿ.
— ರ.

ಚಾಂಪಿಯನ್‌ಷಿಪ್ಪಂತೆ! ಸಂಸ್ಕೃತದ ನೊಗ ಇಳಿಸಿ ಇಂಗ್ಲಿಷಿನದನ್ನು ಹೊತ್ತಂತಾಯಿತು.
— ಬ.

ಬ. ಅವರೇ, ಒಮ್ಮೆ ಲೀಗ್ ಪಂದ್ಯಕ್ಕೆ ಬನ್ನಿ. ಗ್ಯಾಲರಿಯಲ್ಲಿ ಕೂಗುವುದೆಲ್ಲ ಕಾರ್ನರ್, ಪೆನಾಲ್ಟಿ, ಆಫ್‌ಸೈಡು, ರೆಫ್ರೀ. ಅವರ ಕನ್ನಡಕ್ಕೆ ಏನೂ ಆಗಿಲ್ಲ.
— ರ.

ಜನ ಕೂಗುವುದೆಲ್ಲ ಬರಹಕ್ಕೆ ಬಂದರೆ ಈ ಬಳಗ ಯಾಕೆ ಬೇಕು?
— ಶಾ.

ಮೊದಲ ಬಾರಿಗೆ ಶಾ. ಅವರ ಮಾತನ್ನು ಒಪ್ಪುತ್ತೇನೆ, ಬೇರೆ ಕಾರಣಕ್ಕೆ.
— ಬ.

ಎಲ್ಲರಿಗೂ ಧನ್ಯವಾದ. ಪೇಂಟರ್ ಬಂದು ಕೂತಿದ್ದರು, ‘ಸಂತೋಷ್ ಟ್ರೋಫಿ ರಾಷ್ಟ್ರೀಯ ಫುಟ್‌ಬಾಲ್, 1946-47. ವಿಜೇತರು: ಮೈಸೂರು ಸಂಸ್ಥಾನ’ ಎಂದು ಬರೆಸಿದೆ. ಅಂತರ, ಅಂತಾರ ಎರಡನ್ನೂ ಕೈಬಿಟ್ಟೆ.
— ವಿ.

‘ಫುಟ್‌ಬಾಲ್’ ಬಿಡಿಸಿ ಬರೆಸಿದಿರೋ, ಟಕಾರಕ್ಕೆ ಬಕಾರದ ಒತ್ತು ಕೊಡಿಸಿದಿರೋ? ಬಿಡಿಸಿದ್ದರೆ ತಪ್ಪು.
— ಗಿ.