ಪಾಯ ತೆಗೆದ ಮೇಲೆ ಕಂಟ್ರಾಕ್ಟರ್ ಜಾಸ್ತಿ ದುಡ್ಡು ಕೇಳ್ತಿದ್ದಾರೆ, ಏನು ಮಾಡಲಿ?

ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸುತ್ತಿದ್ದೇನೆ. ಚದರಕ್ಕೆ ಇಷ್ಟು ಅಂತ ಮಾತಾಗಿತ್ತು. ಐದು ಅಡಿ ಗುಂಡಿ ತೆಗೆದ ಮೇಲೆ, 'ಮಣ್ಣು ಮೆದು, ಎಂಟು ಅಡಿಗೆ ಹೋಗಬೇಕು, ಎರಡೂವರೆ ಲಕ್ಷ ಜಾಸ್ತಿ ಆಗುತ್ತೆ' ಅಂತಿದ್ದಾರೆ. ಅಗ್ರಿಮೆಂಟಿನಲ್ಲಿ ಮಣ್ಣಿನ ವಿಷಯವೇ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸಾಗರದಿಂದ:
ನಮಗೂ ಹೀಗೇ ಆಗಿತ್ತು. ಹಳೇ ಗದ್ದೆ ತುಂಬಿಸಿದ ಸೈಟು. ಕಂಟ್ರಾಕ್ಟರ್ ಹೇಳಿದ್ದನ್ನು ನಂಬದೆ ನಾನೇ ಗುಂಡಿಗೆ ಇಳಿದೆ. ಮೇಲೆ ಎರಡು ಅಡಿ ತಂದು ಹಾಕಿದ ಕೆಮ್ಮಣ್ಣು. ಅದರ ಕೆಳಗೆ ಕಪ್ಪು ಗದ್ದೆ ಮಣ್ಣು, ಕೊಳೆತ ಹುಲ್ಲಿನ ವಾಸನೆ. ಕಬ್ಬಿಣದ ತುಂಡೊಂದನ್ನು ಕೈಯಲ್ಲಿ ಒತ್ತಿದರೆ ಒಂದು ಗೇಣು ಒಳಗೆ ಹೋಯಿತು. ಅವರು ಹೇಳಿದ್ದು ನಿಜವೇ ಆಗಿತ್ತು. ಹಾಗಾಗಿ ಜಗಳಕ್ಕೆ ಮುಂಚೆ ಒಮ್ಮೆ ಇಳಿದು ನೋಡಿ.

ಆದರೆ ಮಣ್ಣು ಮೆದು ಅನ್ನೋದು ಬೇರೆ, ಅದಕ್ಕೆ ಎಷ್ಟು ಖರ್ಚು ಅನ್ನೋದು ಬೇರೆ. ಒಟ್ಟು ಮೊತ್ತ ಬೇಡ, ಬಿಡಿಸಿ ಬರೆದುಕೊಡಿ ಅಂದೆ. ಜಾಸ್ತಿ ಮಣ್ಣು ತೆಗೆದದ್ದಕ್ಕೆ 2,000 ಘನ ಅಡಿ ಅಂತ ಬರೆದಿದ್ದರು. ನಾನೂ ಇಂಜಿನಿಯರೂ ಟೇಪ್ ಹಿಡಿದೆವು. 12 ಗುಂಡಿ, ಉದ್ದ ಅಗಲ 6 ಅಡಿ, ಜಾಸ್ತಿ ತೆಗೆದ ಆಳ 3 ಅಡಿ. ಲೆಕ್ಕ 1,296ಕ್ಕೆ ನಿಂತಿತು. ಇನ್ನೊಂದು ನೋಡಿ. ಆಳ ಮಾತ್ರ ಹೆಚ್ಚಾದರೆ ಕಾಲಮ್ (ಕಂಬ) ಉದ್ದವಾಗುತ್ತೆ, ಅದರ ಬುಡದ ಅಗಲವಾದ ಕಾಂಕ್ರೀಟ್ ತಳ, ಅಂದರೆ ಫುಟಿಂಗ್, ದೊಡ್ಡದಾಗೋದಿಲ್ಲ. 9 ಇಂಚು 12 ಇಂಚಿನ ಕಾಲಮ್ 3 ಅಡಿ ಬೆಳೆದರೆ ಒಂದಕ್ಕೆ ಎರಡೂಕಾಲು ಘನ ಅಡಿ ಕಾಂಕ್ರೀಟ್, ಅಷ್ಟೇ. ಫುಟಿಂಗ್ ಅಳತೆಯನ್ನೂ ಹೆಚ್ಚಿಸ್ತೀವಿ ಅಂದರೆ ಇಂಜಿನಿಯರ್ ಕೈಯಿಂದ ಹೊಸ ಡ್ರಾಯಿಂಗ್ ಕೇಳಿ. ಗುಂಡಿಯ ತಳಕ್ಕೆ ಬೆಡ್ ಕಾಂಕ್ರೀಟ್ ಹಾಕೋ ಮುಂಚೆ ಅಳತೆ ಬರೆದು ಇಬ್ಬರೂ ಸಹಿ ಹಾಕಿ. ಮುಚ್ಚಿದ ಮೇಲೆ ಅಳೆಯೋದು ಎಲ್ಲಿಂದ?

ಹೊಸನಗರದಿಂದ:
ಎಂಟು ಅಡಿಗೆ ಹೋಗೋ ಮುಂಚೆ ಸ್ವಲ್ಪ ತಡೀರಿ. ನಮ್ಮ ಕಡೆ ಎಷ್ಟೋ ಜಾಗದಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಕೆಳಗೆ ನುಣುಪು ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿಯಾಗೇ ಕಾಣುತ್ತೆ, ನೀರು ಕುಡಿದರೆ ಬೆಣ್ಣೆ ಥರ ಆಗುತ್ತೆ. ಆಳಕ್ಕೆ ಹೋದಷ್ಟೂ ಗಟ್ಟಿ ನೆಲ ಸಿಗುತ್ತೆ ಅನ್ನೋ ಹಾಗಿಲ್ಲ. ಸಾಯಿಲ್ ಟೆಸ್ಟ್ ಮಾಡಿಸಿಬಿಡಿ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯೋಕೆ ಎಷ್ಟು ಪೆಟ್ಟು ಬೇಕು ಅಂತ ಎಣಿಸ್ತಾರೆ. ಯಾವ ಆಳದಲ್ಲಿ ನೆಲ ಎಷ್ಟು ಭಾರ ಹೊರುತ್ತೆ ಅಂತ ರಿಪೋರ್ಟಿನಲ್ಲಿ ಬರುತ್ತೆ. ನಮಗೆ ಐದು ಅಡಿಗೇ ನಿಲ್ಲಿಸಿ, ಫುಟಿಂಗ್ ಅಗಲ ಮಾಡಿ ಅಂದರು. ಹಾಗೇ ಮಾಡಿದೆವು. ಹತ್ತು ಮಳೆಗಾಲ ಕಳೆದಿದೆ, ಗೋಡೆಯಲ್ಲಿ ಒಂದು ಬಿರುಕೂ ಇಲ್ಲ.

ಮಳೆ ಹತ್ತಿರ ಇದ್ದರೆ ಗುಂಡಿ ತೆರೆದಿಟ್ಟು ಕಾಯಬೇಡಿ. ನೀರು ನಿಂತರೆ ತಳವೆಲ್ಲ ಕೆಸರಾಗುತ್ತೆ, ಅದನ್ನು ಎತ್ತಿ ಹಾಕೋ ಕೂಲಿಯೂ ನಿಮ್ಮ ತಲೆಗೇ ಬರುತ್ತೆ.