ಮೂರು ವರ್ಷದ ಮಗಳಿಗೆ ಮೊದಲ ಸಲ ಹಲ್ಲಿನ ಡಾಕ್ಟರು, ಹೇಗೆ ತಯಾರು ಮಾಡಲಿ?

ಡೊಂಬಿವಲಿ ಅಮ್ಮ:
ಮಗಳಿಗೆ ಈಗಷ್ಟೇ ಮೂರು ತುಂಬಿತು. ಮುಂದಿನ ಮೇಲಿನ ಹಲ್ಲುಗಳ ಬುಡದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಾಣಿಸುತ್ತಿದೆ. ರಾತ್ರಿ ಬಾಟಲಿ ಹಾಲು ಕುಡಿಯುತ್ತಲೇ ಮಲಗುತ್ತಾಳೆ. ತಪ್ಪು ನನ್ನದೇ. ಆದರೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮನೆಗೆ ಬಂದವಳಿಗೆ, ಮಗು ಮಲಗಿದರೆ ಸಾಕಪ್ಪಾ ಅನ್ನಿಸುತ್ತದೆ. ಶನಿವಾರ ಸಂಜೆ 7ಕ್ಕೆ ಡಾಕ್ಟರು ಬರಹೇಳಿದ್ದಾರೆ. ಅತ್ತೆ, "ಹಾಲು ಹಲ್ಲು ಹೇಗೂ ಬೀಳತ್ತೆ, ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ನನ್ನ ಚಿಂತೆ ಬೇರೆ. ಲಸಿಕೆ ಹಾಕಿಸಿದಾಗಿನಿಂದ ಇವಳು ಬಿಳಿ ಕೋಟು ಕಂಡರೆ ಕಿರುಚುತ್ತಾಳೆ. ಏನು ಹೇಳಿ ಕರೆದುಕೊಂಡು ಹೋಗಲಿ?

ಮಾಟುಂಗಾ ಅಪ್ಪ:
"ಸೂಜಿ ಚುಚ್ಚಲ್ಲ ಕಂದಾ" ಅಂತ ಮಾತ್ರ ಹೇಳಬೇಡಿ. ನಾನು ಹೇಳಿ ಕೆಟ್ಟೆ. ಅಲ್ಲಿಯವರೆಗೆ ಮಗನಿಗೆ ಸೂಜಿಯ ನೆನಪೇ ಇರಲಿಲ್ಲ, ಆಮೇಲೆ ದಾರಿಯುದ್ದಕ್ಕೂ "ಸೂಜಿ ಎಲ್ಲಿ?" ಒಂದೇ ಪ್ರಶ್ನೆ. "ಡಾಕ್ಟರ್ ನಿನ್ನ ಹಲ್ಲು ಎಣಿಸ್ತಾರೆ" ಅಂದರೆ ಸಾಕು. ಮನೆಯಲ್ಲೇ ತೊಡೆ ಮೇಲೆ ಮಲಗಿಸಿಕೊಂಡು ಚಮಚದ ಹಿಡಿಯಿಂದ ಎಣಿಸಿ. ಎಲ್ಲ ಬಂದಿದ್ದರೆ 20 ಇರುತ್ತವೆ. ಸಂಜೆ 7 ಬೇಡವೇ ಬೇಡ, ನಿದ್ದೆಗಣ್ಣಿನ ಮಗು ಯಾರ ಮಾತೂ ಕೇಳುವುದಿಲ್ಲ. ಬೆಳಗಿನ ಹೊತ್ತು ಕೇಳಿ.

ಠಾಣೆ ಅಕ್ಕ:
ಮಕ್ಕಳ ಹಲ್ಲು ನೋಡುವುದೇ ನನ್ನ ಕೆಲಸ. ಅತ್ತೆಯವರಿಗೆ ಹೇಳಿ, ಹಾಲಿನ ದವಡೆ ಹಲ್ಲು 10-12 ವರ್ಷದವರೆಗೂ ಬೇಕು. ಬೇಗ ಹೋದರೆ ಪಕ್ಕದ್ದು ವಾಲಿ, ಹೊಸ ಹಲ್ಲಿಗೆ ಜಾಗ ಇರುವುದಿಲ್ಲ. ನಿಜಕ್ಕೂ ಒಂದು ವರ್ಷ ತುಂಬುವುದರೊಳಗೆ ತೋರಿಸಬೇಕಿತ್ತು, ಇರಲಿ. ಬಿಳಿ ಗೆರೆ ಹುಳುಕಿನ ಶುರು ಇರಬಹುದು, ಈ ಹಂತದಲ್ಲಿ ತಡೆಯಬಹುದು. ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಇಷ್ಟು ದಿನ ಅಕ್ಕಿ ಕಾಳಷ್ಟು, ಮೂರು ತುಂಬಿತಲ್ಲ, ಇನ್ನು ಬಟಾಣಿಯಷ್ಟು. ರಾತ್ರಿ ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡುತ್ತಾ ಬನ್ನಿ, ಕೊನೆಗೆ ಬರೀ ನೀರು. ಖರ್ಚಿನದೇ ಯೋಚನೆಯಾದರೆ ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಕಾಲೇಜು ಇದೆ, ಮಕ್ಕಳಿಗೇ ಬೇರೆ ವಿಭಾಗ.

ಡೊಂಬಿವಲಿ ಅಮ್ಮ:
ಭಾನುವಾರ ಬೆಳಿಗ್ಗೆ ಹೋಗಿ ಬಂದೆವು! ಡಾಕ್ಟರು ಮರಾಠಿಯಲ್ಲಿ "ಆ ಕರ" ಅಂದರು, ನರ್ಸರಿಯಲ್ಲಿ ಮರಾಠಿ ಕಲಿತ ಪುಣ್ಯ, ಬಾಯಿ ತೆರೆದಳು. ಕುರ್ಚಿ ಹಿಂದಕ್ಕೆ ವಾಲಿದಾಗ ಅತ್ತಳು, ನನ್ನ ತೊಡೆ ಮೇಲೆಯೇ ನೋಡಿದರು. ಫ್ಲೋರೈಡ್ ಹಚ್ಚಿದ್ದಾರೆ, ಮೂರು ತಿಂಗಳಿಗೆ ಮತ್ತೆ ಬರಬೇಕು. ಹಾಲಿಗೆ ಈಗ ಅರ್ಧಕ್ಕರ್ಧ ನೀರು. ಅತ್ತೆ ರುಚಿ ನೋಡಿ ಹಾಲಿನವನನ್ನು ಬೈಯುತ್ತಿದ್ದಾರೆ. ನಾನಿನ್ನೂ ಬಾಯಿ ಬಿಟ್ಟಿಲ್ಲ.